ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ಎಂಜಿಬಿ ಮತ್ತೆ ಸ್ಟಾರ್ಟ್ ಆಗಲ್ಲ. ವೇಪರ್ ಲಾಕ್ ಅನ್ನೋದು ಇದೇನಾ?

ಮೂಡಿಗೆರೆ ರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1967ರ ಎಂಜಿಬಿ ಈಗ ನನ್ನ ಹತ್ತಿರ ಇದೆ. ಟಾಪ್ ಮಡಚುವ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ಹಿಂದುಗಡೆ ಎಸ್‌ಯು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್. ಬೆಳಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ತಕ್ಷಣ ಹಿಡಿಯುತ್ತದೆ. ಮೂಡಿಗೆರೆಯಿಂದ ಆಲ್ದೂರು ಮೇಲೆ ಚಿಕ್ಕಮಗಳೂರಿಗೆ ಹೋಗಿ ಬಂದರೆ ಒಂದು ತಕರಾರೂ ಇಲ್ಲ.

ತೊಂದರೆ ಇರೋದು ಘಾಟಿಯಲ್ಲಿ. ಮಧ್ಯಾಹ್ನ ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತಿ ಬರುತ್ತೇನೆ. ಮುಂದೆ ಲಾರಿ ಇದ್ದರೆ ಇಡೀ ಘಾಟಿ ಎರಡನೇ ಗೇರಿನಲ್ಲೇ. ಆಗಲೂ ಎಳೆತ ಕಮ್ಮಿ ಆಗಲ್ಲ, ಮಿಸ್ಸಿಂಗ್ ಇಲ್ಲ. ಕೊಟ್ಟಿಗೆಹಾರದಲ್ಲಿ ನೀರ್ದೋಸೆಗೆ ಅಂತ ನಿಲ್ಲಿಸುತ್ತೇನೆ. ತಿಂದು ಕೈ ತೊಳೆದು ಬಂದು ಕೀ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಹಿಡಿಯಲ್ಲ. ಬ್ಯಾಟರಿ ಸುಸ್ತಾಗುವವರೆಗೆ ಹೊಡೆದರೂ ಇಲ್ಲ. ಸುತ್ತ ಜನ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ, ಒಬ್ಬರು ತಳ್ಳೋಣ ಅನ್ನುತ್ತಾರೆ. ಮುಕ್ಕಾಲು ಗಂಟೆ ಸುಮ್ನೆ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುತ್ತದೆ.

ಟೆಂಪರೇಚರ್ ಮುಳ್ಳು ಮಾತ್ರ ಮಾಮೂಲಿ ಜಾಗ ಬಿಟ್ಟು ಮೇಲೆ ಹೋಗೋದೇ ಇಲ್ಲ. ರೇಡಿಯೇಟರ್ ಕುದಿಯಲ್ಲ. ಹಾಗಾದರೆ ಎಂಜಿನ್ ಹೀಟ್ ಆಗಿದೆ ಅನ್ನೋದು ಹೇಗೆ? ಇಲ್ಲಿನ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆಸಿ ಎಂದರು. ಇನ್ನೊಬ್ಬರು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಎಂದರು. ಬೆಂಗಳೂರಿನ ಸ್ನೇಹಿತ ಪೆಟ್ರೋಲ್ ವಾಪಸ್ ಹೋಗಲು ಟ್ಯಾಂಕಿಗೆ ರಿಟರ್ನ್ ಲೈನ್ ಎಳೆಸು ಅನ್ನುತ್ತಾನೆ. ಮೂರೂ ಮಾಡಿಸಿದರೆ ದೊಡ್ಡಪ್ಪ ಒರಿಜಿನಲ್ ಆಗಿ ಉಳಿಸಿಕೊಂಡು ಬಂದ ಗಾಡಿ ಹೋಗುತ್ತದೆ. ಯಾವುದನ್ನು ಮೊದಲು ಮಾಡಲಿ?

ಸಕಲೇಶಪುರ ಅಂಬಾಸಿಡರ್:

ಅಣ್ಣ, ಒದ್ದೆ ಬಟ್ಟೆ! ನಮ್ಮಪ್ಪ ಶಿರಾಡಿ ಘಾಟಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಗೋಣಿತುಂಡು, ಒಂದು ಬಾಟಲಿ ನೀರು ಯಾವಾಗಲೂ ಇರುತ್ತಿತ್ತು. ಗುಂಡ್ಯ ದಾಟಿ ಮೇಲೆ ಹತ್ತುವಾಗ ಗಾಡಿ ಜಗ್ಗಲು ಶುರು ಮಾಡಿದರೆ ಪಕ್ಕಕ್ಕೆ ಹಾಕಿ, ಪೆಟ್ರೋಲ್ ಪಂಪಿಗೆ ಗೋಣಿ ಸುತ್ತಿ ನೀರು ಹೊಯ್ಯುತ್ತಿದ್ದರು. ಐದು ನಿಮಿಷಕ್ಕೆ ರೈಟ್. ಇದಕ್ಕೆ ಅವರು ಏರ್ ಲಾಕ್ ಅನ್ನುತ್ತಿದ್ದರು. ನಿಮ್ಮದೂ ಅದೇ ಇರಬೇಕು.

ಥರ್ಮೋಸ್ಟಾಟ್ ಅಂತೂ ನಮ್ಮ ಕಡೆ ಯಾರೂ ಇಟ್ಟಿದ್ದೇ ನೋಡಿಲ್ಲ. ತೆಗೆದು ಬಿಸಾಕಿ.

ಹಾಸನದ ಹಳೇ ಸ್ಪ್ಯಾನರ್:

ಬಿಸಾಕಬೇಡಿ ಸ್ವಾಮಿ, ಸ್ವಲ್ಪ ತಡೆಯಿರಿ.

ನಾನು ಹಾಸನದಲ್ಲಿ ಬಿ.ಎಂ. ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿದ್ದವನು. ಈಗ ಮಗ ನೋಡಿಕೊಳ್ಳುತ್ತಾನೆ. ಅವನಿಗೆ ಸ್ಕ್ಯಾನರ್ ಸಿಕ್ಕಿಸದೆ ಬಾನೆಟ್ ಎತ್ತೋದೇ ಗೊತ್ತಿಲ್ಲ. ಅದಿರಲಿ. ಎಂಜಿಬಿ ಬಗ್ಗೆ ಹೇಳುತ್ತೇನೆ, ಯಾಕಂದರೆ ಅದು ನಮಗೆ ಹೊರಗಿನ ಗಾಡಿ ಅಲ್ಲ. ಅದರ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್. ನಮ್ಮ ಪೆಟ್ರೋಲ್ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಅದೇ ಬಿ ಸೀರೀಸ್. ಅಣ್ಣ ತಮ್ಮ ಅಷ್ಟೇ. ಅಂಬಾಸಿಡರ್ ಹೆಡ್ ಇಳಿಸಿ ಅಭ್ಯಾಸ ಇರುವವರು ಇದರ ಮುಂದೆ ನಿಂತು ಗಾಬರಿ ಬೀಳಬೇಕಾಗಿಲ್ಲ.

ಸಕಲೇಶಪುರದವರು ಹೇಳಿದ ಒದ್ದೆ ಬಟ್ಟೆ ಸುಳ್ಳಲ್ಲ. ಆದರೆ ಅದು ಅಂಬಾಸಿಡರ್‌ಗೆ. ಆ ಗಾಡಿಯಲ್ಲಿ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಅದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರಬೇಕು. ಹೀರುವ ಪೈಪಿನಲ್ಲಿ ಒತ್ತಡ ಕಮ್ಮಿ. ಒತ್ತಡ ಕಮ್ಮಿ ಆದ ಕಡೆ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಪಂಪೊಳಗೆ ಆವಿ ತುಂಬಿಕೊಂಡರೆ ಡಯಾಫ್ರಾಮ್ ಅನ್ನೋ ಪೊರೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಪೆಟ್ರೋಲ್ ಮುಂದೆ ಹೋಗಲ್ಲ. ಅದು ನಿಜವಾದ ವೇಪರ್ ಲಾಕ್. ಅದು ಬರೋದು ಗಾಡಿ ಓಡುತ್ತಿರುವಾಗಲೇ, ಏರಿನಲ್ಲೇ, ಜಗ್ಗಿ ಜಗ್ಗಿ.

ಎಂಜಿಬಿಯಲ್ಲಿ ಪಂಪ್ ಇರೋದು ಹಿಂದೆ, ಬಲಗಡೆ ಚಕ್ರದ ಹತ್ತಿರ. ಅದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಟ್ಯಾಂಕ್ ಅಲ್ಲೇ ಇರೋದರಿಂದ ಹೀರೋದು ಒಂದು ಮೊಳ ಅಷ್ಟೇ. ಉಳಿದ ಪೈಪೆಲ್ಲ ಒತ್ತಡದಲ್ಲಿ ಇರುತ್ತದೆ. ಹಾಗಾಗಿ ಘಾಟಿ ಹತ್ತುವಾಗ ನಿಮಗೆ ತೊಂದರೆ ಇಲ್ಲ. ನಿಲ್ಲಿಸಿದ ಮೇಲೆ ತೊಂದರೆ. ಈ ಒಂದು ವಿಷಯ ನೀವು ಬರೆದಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ಈಗ ಎಡಗಡೆಯಿಂದ ಬಾನೆಟ್ ಒಳಗೆ ಬಗ್ಗಿ ನೋಡಿ. ಬಿ ಸೀರೀಸ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಕಡೆ. ಹೊಗೆ ಹೊರಗೆ ಒಯ್ಯುವ, ಕೆಂಪಗೆ ಕಾಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗೆ, ಪೆಟ್ರೋಲ್ ತುಂಬಿದ ಎರಡು ಕಾರ್ಬ್ಯುರೇಟರ್ ಅದರ ಪಕ್ಕ ಮೇಲೆ. ಒಲೆ ಮೇಲೆ ಪಾತ್ರೆ ಇಟ್ಟ ಹಾಗೆ. ಓಡುತ್ತಿರುವಾಗ ಫ್ಯಾನ್ ಗಾಳಿ ಇದೆ, ಟ್ಯಾಂಕಿನಿಂದ ತಣ್ಣನೆ ಪೆಟ್ರೋಲ್ ಬರುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿದ ಕೂಡಲೇ ಎರಡೂ ನಿಂತವು. ಎಕ್ಸಾಸ್ಟ್ ಶಾಖ ಎಲ್ಲಿಗೆ ಹೋಗಬೇಕು? ನೇರ ಮೇಲಕ್ಕೆ. ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು, ಅಂದರೆ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಕುದಿಯುತ್ತದೆ, ಜೆಟ್ಟಿನ ಸಣ್ಣ ತೂತಿನಿಂದ ಉಕ್ಕಿ ಇನ್‌ಲೆಟ್ ಮ್ಯಾನಿಫೋಲ್ಡ್ ಒಳಗೆ ಇಳಿಯುತ್ತದೆ. ನೀವು ದೋಸೆ ತಿಂದು ಬರುವ ಹೊತ್ತಿಗೆ ಎಂಜಿನ್ ಫ್ಲಡ್ ಆಗಿ, ಅಂದರೆ ಒಳಗೆ ಪೆಟ್ರೋಲ್ ಜಾಸ್ತಿ ತುಂಬಿ, ಕೂತಿರುತ್ತದೆ. ಟೆಂಪರೇಚರ್ ಮೀಟರ್ ನೋಡೋದು ನೀರಿನ ಶಾಖ. ಕಾರ್ಬ್ಯುರೇಟರ್ ಶಾಖ ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಮುಳ್ಳು ಸುಮ್ನೆ ಇರೋದು.

ಇಷ್ಟು ನನ್ನ ಊಹೆ. ಊಹೆ ಮೇಲೆ ದುಡ್ಡು ಹಾಕಬೇಡಿ. ಬಿಸಿಯಲ್ಲಿ ಕೈಕೊಡುವ ಗಾಡಿಗೆ ಇನ್ನೊಬ್ಬ ಕಳ್ಳ ಇದ್ದಾನೆ, ಸ್ಪಾರ್ಕಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್. ತಣ್ಣಗಿದ್ದಾಗ ಚೆನ್ನಾಗಿರುತ್ತದೆ, ಕಾದರೆ ಸ್ಪಾರ್ಕ್ ಸಾಯುತ್ತದೆ, ಆರಿದರೆ ಮತ್ತೆ ಬರುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಕೂಡ ಹಾಗೇ ಮಾಡುತ್ತದೆ. ಕಾಯಿಲ್ ಬದಲಿಸಬೇಕಾದ ಗಾಡಿಗೆ ಕಾರ್ಬ್ಯುರೇಟರ್ ಬಿಚ್ಚಿಸಿಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಮುಂದಿನ ಸಲ ಕೊಟ್ಟಿಗೆಹಾರದಲ್ಲಿ ಹೀಗಾದಾಗ ಬ್ಯಾಟರಿ ಇಳಿಸಬೇಡಿ. ಮೊದಲು ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ, ಪಂಪ್ ಸದ್ದು ಕೇಳಿ. ಟಕ್ ಟಕ್ ಅಂತ ಕೆಲವು ಸಲ ಹೊಡೆದು ನಿಂತರೆ ಫ್ಲೋಟ್ ಚೇಂಬರ್ ತುಂಬಿದೆ ಅಂತ ಅರ್ಥ. ನಿಲ್ಲದೆ ಟಕಟಕಟಕ ಅಂತ ಓಡುತ್ತಲೇ ಇದ್ದರೆ ಪಂಪಿಗೆ ಪೆಟ್ರೋಲ್ ಸಿಕ್ಕುತ್ತಿಲ್ಲ, ಆವಿಯೋ ಗಾಳಿಯೋ ತಳ್ಳುತ್ತಿದೆ. ಆಮೇಲೆ ಒಂದು ಪ್ಲಗ್ ಬಿಚ್ಚಿ. ಒದ್ದೆಯಾಗಿ ಕಪ್ಪಗಿದ್ದರೆ ಫ್ಲಡ್. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಸ್ಪಾರ್ಕ್ ನೋಡಲು ಬೇರೆ ಒಂದು ಪ್ಲಗ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ವೈರ್ ಅದಕ್ಕೆ ಸಿಕ್ಕಿಸಿ, ಬಿಚ್ಚಿದ ತೂತಿನಿಂದ ದೂರ ಬಾಡಿಗೆ ತಾಗಿಸಿ ಹಿಡಿಯಿರಿ. ನಿಮ್ಮ ಪುಣ್ಯಕ್ಕೆ ಪ್ಲಗ್, ಡಿಸ್ಟ್ರಿಬ್ಯೂಟರ್ ಬಲಗಡೆ ಇವೆ, ಕಾರ್ಬ್ಯುರೇಟರ್ ಎಡಗಡೆ. ಆದರೂ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಈ ಕೆಲಸ ಬೇಡವೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಸೀಟ್ ಹಿಂದೆ ಇರಲಿ. ಸ್ಪಾರ್ಕ್ ಇಲ್ಲದಿದ್ದರೆ ಆ ಒದ್ದೆ ಬಟ್ಟೆಯನ್ನು ಕಾಯಿಲ್ ಮೇಲೆ ಹಾಕಿ ನೋಡಿ.

ಇನ್ನೊಂದು ಮರೆತೆ. ಪಂಪ್ ನಿಲ್ಲದೆ ಹೊಡೆಯುತ್ತಿದ್ದರೆ ಟ್ಯಾಂಕಿನ ಮುಚ್ಚಳ ಬಿಚ್ಚಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದಕ್ಕೂ ಬಿಸಿಗೂ ಸಂಬಂಧವೇ ಇಲ್ಲ. ತೂತು ಕ್ಲೀನ್ ಮಾಡಿದರೆ ಮುಗಿಯಿತು.

ಮೂಡಿಗೆರೆ ರೋಡ್‌ಸ್ಟರ್:

ಹಿರಿಯರೇ, ತುಂಬಾ ಥ್ಯಾಂಕ್ಸ್. ಭಾನುವಾರ ಬೇಕಂತಲೇ ಘಾಟಿ ಇಳಿದು ಹತ್ತಿದೆ. ಅದೇ ಜಾಗ, ಅದೇ ಕಥೆ.

ಪಂಪ್ ಸ್ವಲ್ಪ ಹೊಡೆದು ನಿಂತಿತು. ಸ್ಪಾರ್ಕ್ ನೀಲಿ, ಗಟ್ಟಿಯಾಗಿದೆ. ಪ್ಲಗ್ ನಾಲ್ಕೂ ಒದ್ದೆ, ಕಪ್ಪು. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮುಖಕ್ಕೆ ರಾಚುತ್ತದೆ. ಮುಂದಿನ ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪ್ ತುದಿಯೂ ಒದ್ದೆ ಇತ್ತು.

ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಕಾರ್ಬ್ಯುರೇಟರ್ ಹಿಂದೆ ಒಂದು ತಗಡು ಇದೆ. ಅದಕ್ಕೆ ಮ್ಯಾನಿಫೋಲ್ಡ್ ಕಡೆ ಬೂದು ಬಣ್ಣದ ರಟ್ಟಿನಂಥದ್ದು ಅಂಟಿಸಿತ್ತು ಅಂತ ಕಾಣುತ್ತದೆ, ಈಗ ಮೂಲೆಯಲ್ಲಿ ಮಾತ್ರ ಉಳಿದಿದೆ. ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ ಮಧ್ಯೆ ಬರೀ ತೆಳು ಪ್ಯಾಕಿಂಗ್ ಇದೆ. ಬೇರೆ ಏನಾದರೂ ಇರಬೇಕಿತ್ತಾ?

ಕೆಮಿಸ್ಟ್ರಿ ಟೀಚರ್, ಹಾಸನ:

ನಾನು ಮೆಕ್ಯಾನಿಕ್ ಅಲ್ಲ. ಅಪ್ಪನ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದೇನೆ, ಅದಕ್ಕೇ ಇಲ್ಲಿ ಇಣುಕಿದೆ. ಹಿರಿಯರು ಹೇಳಿದ್ದಕ್ಕೆ ಪೆಟ್ರೋಲ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನೀರು ಒಂದೇ ಪದಾರ್ಥ, ಒಂದು ಡಿಗ್ರಿಯಲ್ಲಿ ಕುದಿಯುತ್ತದೆ. ಪೆಟ್ರೋಲ್ ಹಾಗಲ್ಲ, ಅದು ಹತ್ತಾರು ಪದಾರ್ಥಗಳ ಮಿಶ್ರಣ. ಹಗುರ ಭಾಗ 35 ಡಿಗ್ರಿ ಸುಮಾರಿಗೇ ಹಾರಲು ಶುರು. ಭಾರದ ಭಾಗ 200 ಡಿಗ್ರಿ ಹತ್ತಿರ. ಈಗ ನಮ್ಮ ಬಂಕ್‌ಗಳಲ್ಲಿ ಬರುತ್ತಿರುವುದು ಇ20, ಅಂದರೆ 20 ಪರ್ಸೆಂಟ್ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದನ್ನು ಬಿಡುಗಡೆ ಮಾಡಿದ್ದು. ಎಥನಾಲ್ ಒಂದೇ ಇದ್ದರೆ 78 ಡಿಗ್ರಿಯಲ್ಲಿ ಕುದಿಯುತ್ತದೆ. ಹಾಗಾದರೆ ಅದು ಸೇರಿದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆಗೋದು ಉಲ್ಟಾ. ಪೆಟ್ರೋಲಿನ ಅಂಶಗಳ ಜೊತೆ ಸೇರಿದಾಗ ಎಥನಾಲ್ ಮಿಶ್ರಣ ಇನ್ನೂ ಕಡಿಮೆ ಶಾಖದಲ್ಲಿ ಆವಿಯಾಗುತ್ತದೆ. 50ರಿಂದ 75 ಡಿಗ್ರಿ ನಡುವೆ ದೊಡ್ಡ ಪಾಲು ಒಟ್ಟಿಗೆ ಎದ್ದು ಹೋಗುತ್ತದೆ. ನಿಂತ ಗಾಡಿಯ ಬಾನೆಟ್ ಒಳಗೆ ಕಾರ್ಬ್ಯುರೇಟರ್ ಆ ಶಾಖ ಮುಟ್ಟೋದು ಸುಲಭ. ನಿಮ್ಮ ದೊಡ್ಡಪ್ಪನ ಕಾಲದಲ್ಲಿ ಇದೇ ಗಾಡಿ ಇದೇ ಘಾಟಿಯಲ್ಲಿ ತಕರಾರಿಲ್ಲದೆ ಓಡಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಸಾವಿರ ಮೀಟರ್ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ, ಅಲ್ಲಿ ಇನ್ನೂ ಮೂರು ಡಿಗ್ರಿ ಕಮ್ಮಿ. ರೇಡಿಯೇಟರಿಗೆ ಪ್ರೆಶರ್ ಕ್ಯಾಪ್ ಇದೆ, ನೀರು ತಡೆದುಕೊಳ್ಳುತ್ತದೆ. ಫ್ಲೋಟ್ ಚೇಂಬರಿಗೆ ಕ್ಯಾಪ್ ಇಲ್ಲ, ಅದು ಗಾಳಿಗೆ ತೆರೆದೇ ಇರುತ್ತದೆ. ಅಲ್ಲಿನ ಪೆಟ್ರೋಲಿಗೆ ರಕ್ಷಣೆ ಏನೂ ಇಲ್ಲ.

ಇನ್ನೊಂದು ತಮಾಷೆ ಇದೆ. ಎಥನಾಲ್‌ನಲ್ಲಿ ಆಮ್ಲಜನಕ ಇರೋದರಿಂದ ಇ20 ಹಾಕಿದರೆ ಮಿಕ್ಸ್‌ಚರ್ ಸುಮಾರು 7-8 ಪರ್ಸೆಂಟ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲಲ್ಲ. ಎತ್ತರಕ್ಕೆ ಹೋದರೆ ಗಾಳಿ ತೆಳು, ಕಾರ್ಬ್ಯುರೇಟರ್ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಜಾಸ್ತಿ. ಮೂಡಿಗೆರೆಯಲ್ಲಿ ಒಂದನ್ನೊಂದು ಹೆಚ್ಚುಕಮ್ಮಿ ಹೊಡೆದುಹಾಕುತ್ತವೆ. ಉಜಿರೆಗೆ ಇಳಿದ ಮೇಲೆ ಗಾಳಿ ದಪ್ಪ, ಲೀನ್ ಮಾತ್ರ ಉಳಿಯುತ್ತದೆ. ಲೀನ್ ಆಗಿ ಓಡಿದರೆ ಎಂಜಿನ್ ಬಿಸಿ ಜಾಸ್ತಿ. ಅಲ್ಲಿಂದ ನೀವು ಮತ್ತೆ ಘಾಟಿ ಹತ್ತುತ್ತೀರಿ.

ಆಕ್ಟೇನ್ ಜಾಸ್ತಿ ಇರುವ ದುಬಾರಿ ಪೆಟ್ರೋಲ್ ಹಾಕಿಸಿದರೆ ಕುದಿಯೋದು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ಆಕ್ಟೇನ್ ನಂಬರ್ ಹೇಳೋದು ಎಂಜಿನ್ ನಾಕ್ ಆಗದೆ ಇರುವ ಗುಣ. ಆವಿಯಾಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಳೇ ರಬ್ಬರ್ ಹೋಸ್‌ಗಳನ್ನು ದಯವಿಟ್ಟು ಬದಲಿಸಿ. ಎಥನಾಲ್‌ಗೆ ಅವು ಮೆತ್ತಗಾಗಿ ಒಳಗಿನಿಂದ ಸುಲಿಯುತ್ತವೆ. ಇ20ಗೆ ಆಗುವ ಹೋಸ್ ಅಂತಲೇ ಕೇಳಿ ತೆಗೆದುಕೊಳ್ಳಿ. ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ಇರುತ್ತದೆ ಅಂದರೆ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ. ಮಲೆನಾಡಿನ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ, ಕೊನೆಗೆ ತಳದಲ್ಲಿ ನೀರಿನ ಪದರ ನಿಲ್ಲುತ್ತದೆ.

ಹಾಸನದ ಹಳೇ ಸ್ಪ್ಯಾನರ್:

ಮೇಡಂ ಹೇಳಿದ್ದು ಸರಿ. ನಾವು ಕೈಯಲ್ಲಿ ಮುಟ್ಟಿ ಕಂಡಿದ್ದಕ್ಕೆ ಅವರ ಹತ್ತಿರ ಲೆಕ್ಕ ಇದೆ. ಮೇಡಂ, ನಿಮ್ಮ ಪದ್ಮಿನಿಯಲ್ಲೂ ಪಂಪ್ ಎಂಜಿನ್ ಮೇಲೇ ಇರೋದು. ಬೆಂಗಳೂರು ಸ್ನೇಹಿತರ ರಿಟರ್ನ್ ಲೈನ್ ಕೆಲಸಕ್ಕೆ ಬರೋದು ಅಂಥ ಗಾಡಿಗೆ. ಸಣ್ಣ ತೂತಿನ ಮೂಲಕ ಸ್ವಲ್ಪ ಪೆಟ್ರೋಲ್ ಸದಾ ಟ್ಯಾಂಕಿಗೆ ವಾಪಸ್ ಹೋಗುತ್ತಿದ್ದರೆ ಪೈಪಿನಲ್ಲಿ ನಿಂತು ಕಾಯಲ್ಲ, ಆವಿಯೂ ಅದರ ಜೊತೆ ಹೋಗುತ್ತದೆ. ಎಂಜಿಬಿಗೆ ಸದ್ಯಕ್ಕೆ ಬೇಡ. ಇದರ ರೋಗ ಪೈಪಿನಲ್ಲಿಲ್ಲ, ಫ್ಲೋಟ್ ಚೇಂಬರಿನಲ್ಲಿದೆ. ಎಂಜಿನ್ ನಿಂತ ಮೇಲೆ ರಿಟರ್ನ್ ಲೈನೂ ನಿಂತೇ ಇರುತ್ತದೆ.

ತಮ್ಮಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು, ಇರಬೇಕಿತ್ತು. ಮ್ಯಾನಿಫೋಲ್ಡಿಗೂ ಆ ತಗಡಿಗೂ ಮಧ್ಯೆ ಒಂದೊಂದು ಕಾರ್ಬ್ಯುರೇಟರಿಗೆ ಒಂದೊಂದು ದಪ್ಪ ಬೇಕಲೈಟ್ ತರದ ಬ್ಲಾಕ್ ಬರುತ್ತದೆ. ಶಾಖ ಮ್ಯಾನಿಫೋಲ್ಡಿನಿಂದ ಕಾರ್ಬ್ಯುರೇಟರಿಗೆ ದಾಟದಿರಲಿ ಅಂತಲೇ ಕಂಪನಿಯವರು ಇಟ್ಟಿದ್ದು. ಯಾರೋ ಬಿಚ್ಚಿದವರು ವಾಪಸ್ ಹಾಕಿಲ್ಲ. ಒಡೆದಿತ್ತೋ, ಬೇಡ ಅನ್ನಿಸಿತೋ. ತಗಡಿನ ಮೇಲಿದ್ದ ಬೂದು ರಟ್ಟು ಅಂದರೆ ಆಸ್ಬೆಸ್ಟಾಸ್. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಬ್ರಷ್ ಹಾಕಬೇಡಿ, ಗಾಳಿ ಹೊಡೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ನೀರಲ್ಲಿ ಚೆನ್ನಾಗಿ ನೆನೆಸಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ನಾವೆಲ್ಲ ಆ ಕಾಲದಲ್ಲಿ ಊದಿ ಕ್ಲೀನ್ ಮಾಡುತ್ತಿದ್ದೆವು, ಅದು ಬೇರೆ ಮಾತು.

ಬ್ಲಾಕ್‌ಗಳನ್ನು ಹೊರಗಿನಿಂದ ತರಿಸಬಹುದು. ಎಂಜಿಬಿ ಸಾಮಾನು ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತದೆ. ಕಾಯಲು ಆಗಲ್ಲ ಅಂದರೆ ಹೈಲಂ ಶೀಟ್ (ಶಾಖ ದಾಟಿಸದ ಗಟ್ಟಿ ಹಾಳೆ) ತೆಗೆದುಕೊಂಡು ಲೇತ್ ಅಂಗಡಿಗೆ ಕೊಡಿ, ಹಳೇ ಪ್ಯಾಕಿಂಗ್ ಇಟ್ಟು ತೂತು ಗುರುತು ಮಾಡಿ ಕೊರೆಸಿ. ಮಧ್ಯದ ತೂತು ಕಾರ್ಬ್ಯುರೇಟರ್ ಬಾಯಿಗೆ ಸರಿಯಾಗಿ ಕೂರಬೇಕು, ಒಳಗೆ ಮೆಟ್ಟಿಲು ಬರಬಾರದು. ಎರಡು ಮುಖವೂ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಇನ್ನೂ ಲೀನ್ ಆಗುತ್ತದೆ. ಜಾಸ್ತಿ ದಪ್ಪ ಮಾಡಿಸಬೇಡಿ. ದಪ್ಪ ಆದಷ್ಟೂ ಸ್ಟಡ್ ಉದ್ದ ಸಾಲಲ್ಲ, ಎಕ್ಸಲೇಟರ್ ಕೇಬಲ್ ಎಳೆತ ಬದಲಾಗುತ್ತದೆ, ಏರ್ ಕ್ಲೀನರ್ ಹೋಗಿ ಪಕ್ಕದ ತಗಡಿಗೆ ತಾಗುತ್ತದೆ. ಜೋಡಿಸುವಾಗ ಮ್ಯಾನಿಫೋಲ್ಡ್, ಪ್ಯಾಕಿಂಗ್, ಬ್ಲಾಕ್, ಪ್ಯಾಕಿಂಗ್, ತಗಡು, ಪ್ಯಾಕಿಂಗ್, ಕಾರ್ಬ್ಯುರೇಟರ್. ತಗಡಿನ ಮ್ಯಾನಿಫೋಲ್ಡ್ ಕಡೆಗೆ ಆಸ್ಬೆಸ್ಟಾಸ್ ಬದಲು ಸೆರಾಮಿಕ್ ಶೀಟಿನ ಮೇಲೆ ಅಲ್ಯೂಮಿನಿಯಂ ಫಾಯಿಲ್ ಬರುವ ಥರದ್ದು ಸಿಗುತ್ತದೆ, ಅದನ್ನು ರಿವೆಟ್ ಹೊಡೆಸಿ. ಬರೀ ಗಮ್ ನಂಬಬೇಡಿ.

ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಬಟ್ಟೆ ಪಟ್ಟಿ ಸುತ್ತಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಇಷ್ಟ ಇಲ್ಲ. ಮೂಡಿಗೆರೆ ಮಳೆಯಲ್ಲಿ ಅದು ನೀರು ಹಿಡಿದುಕೊಂಡು ಕೂರುತ್ತದೆ, ಒಳಗೆ ತುಕ್ಕು. ಎರಕದ ಕಬ್ಬಿಣ ಬಿರುಕು ಬಿಟ್ಟರೆ 1967ರ ಮ್ಯಾನಿಫೋಲ್ಡ್ ಎಲ್ಲಿಂದ ತರುತ್ತೀರಿ?

ಎಲೆಕ್ಟ್ರಿಕ್ ಫ್ಯಾನ್ ಬಗ್ಗೆ. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಓಡುವ ಫ್ಯಾನ್ ನಿಮ್ಮ ತೊಂದರೆಗೆ ಸಹಾಯ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ 1967ರ ಗಾಡಿ ಅಂದರೆ ಕರೆಂಟಿಗೆ ಡೈನಮೋ, 22 ಆಂಪಿಯರ್ ಅದರ ಮಿತಿ. ರಾತ್ರಿ ಹೆಡ್‌ಲೈಟ್, ವೈಪರ್, ಅದರ ಮೇಲೆ ಫ್ಯಾನ್ ಅಂದರೆ ಬ್ಯಾಟರಿಯಿಂದಲೇ ತಿನ್ನುತ್ತದೆ. ಇನ್ನೊಂದು, ಇದು ಪಾಸಿಟಿವ್ ಅರ್ಥ್ ಗಾಡಿ. ಯಾರೂ ಬದಲಿಸಿರದಿದ್ದರೆ ಬಾಡಿಗೆ ಸೇರಿರೋದು ಬ್ಯಾಟರಿಯ ಪ್ಲಸ್. ಎಲೆಕ್ಟ್ರಿಷಿಯನ್ ಅಭ್ಯಾಸದಂತೆ ಕಪ್ಪು ವೈರ್ ಬಾಡಿಗೆ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗಿ, ಬರುವ ಗಾಳಿಯನ್ನೇ ತಡೆಯುತ್ತದೆ. ಮೊದಲು ಬ್ಲಾಕ್, ತಗಡು. ಆಮೇಲೂ ಸಾಲದಿದ್ದರೆ ಫ್ಯಾನ್ ಯೋಚನೆ ಮಾಡಿ.

ಥರ್ಮೋಸ್ಟಾಟ್ ಇರಲಿ. ಚಳಿಗಾಲದ ಬೆಳಗ್ಗೆ ಮೂಡಿಗೆರೆಯಲ್ಲಿ ಎಂಜಿನ್ ಬೇಗ ಬಿಸಿ ಆಗಬೇಕು, ಇಲ್ಲದಿದ್ದರೆ ಚೋಕ್‌ನಲ್ಲೇ ಓಡಿಸಿ ಸಿಲಿಂಡರ್ ತೊಳೆದು ಹೋಗುತ್ತದೆ. 82 ಡಿಗ್ರಿಯದ್ದು ಇದ್ದರೆ 74ರದ್ದು ಹಾಕಬಹುದು, ಅಷ್ಟೇ. ಆದರೆ ರೇಡಿಯೇಟರ್ ಒಳಗೆ ಬೋರ್‌ವೆಲ್ ನೀರು ಇದ್ದರೆ ಇವತ್ತೇ ಖಾಲಿ ಮಾಡಿ. ಬಾಣಲೆಗೆ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರ್ ಕೊಳವೆಗೂ ಕಟ್ಟೋದು. ಡಿಸ್ಟಿಲ್ಡ್ ವಾಟರ್, ಕೂಲಂಟ್ ಹಾಕಿ. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಹಿಂದೆ ಬಿದ್ದಿದೆಯಾ ನೋಡಿಸಿ. ಟೈಮಿಂಗ್ ಲೇಟ್ ಆದರೆ ಉರಿಯೋದು ಎಕ್ಸಾಸ್ಟ್‌ಗೆ ಹೋದ ಮೇಲೂ ನಡೆಯುತ್ತದೆ, ಮ್ಯಾನಿಫೋಲ್ಡ್ ಇನ್ನೂ ಕೆಂಪಗಾಗುತ್ತದೆ. ಸ್ಪಾರ್ಕ್ ಬೇಗ ಬರುವಂತೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಬಾಯಿಂದ ಎಳೆದು ನೋಡಿ, ಗಾಳಿ ಬರುತ್ತಲೇ ಇದ್ದರೆ ಡಯಾಫ್ರಾಮ್ ಹರಿದಿದೆ.

ಇದೆಲ್ಲ ಆಗುವವರೆಗೆ ಕೊಟ್ಟಿಗೆಹಾರದಲ್ಲಿ ಏನು ಮಾಡಬೇಕು? ಬಂದ ಕೂಡಲೇ ಆಫ್ ಮಾಡಬೇಡಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಆಫ್ ಮಾಡಿ ಬಾನೆಟ್ ಎತ್ತಿ ಇಡಿ. ಜನ ಫೋಟೋ ತೆಗೆಯಲಿ ಬಿಡಿ. ಸ್ಟಾರ್ಟ್ ಮಾಡುವಾಗ ಚೋಕ್ ಮುಟ್ಟಬೇಡಿ. ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಒಳಗಿನ ಹೆಚ್ಚುವರಿ ಪೆಟ್ರೋಲ್ ಗಾಳಿಯ ಜೊತೆ ಹೊರಗೆ ಹೋಗುತ್ತದೆ. ಕೆಲವರು ಎಕ್ಸಲೇಟರನ್ನು ಪಂಪ್ ಮಾಡಿದ ಹಾಗೆ ತುಳಿಯುತ್ತಾರೆ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ತುಳಿದಾಗ ಪೆಟ್ರೋಲ್ ಚಿಮ್ಮಿಸುವ ಪಂಪೇ ಇಲ್ಲ, ಕಾಲು ನೋವು ಬರುತ್ತದೆ ಅಷ್ಟೇ.

ಸಕಲೇಶಪುರ ಅಂಬಾಸಿಡರ್:

ಹಿರಿಯರೇ, ಬಾನೆಟ್ ಹಿಂದಿನ ರಬ್ಬರ್ ಬೀಡಿಂಗ್ ಕಿತ್ತರೆ ಅಥವಾ ಹಿಂಜ್ ಕೆಳಗೆ ವಾಷರ್ ಇಟ್ಟು ಸ್ವಲ್ಪ ಎತ್ತಿದರೆ ಬಿಸಿ ಹೊರಗೆ ಹೋಗಲ್ವಾ? ಫೋಟೋಗಳಲ್ಲಿ ನೋಡಿದ್ದೇನೆ.

ಹಾಸನದ ಹಳೇ ಸ್ಪ್ಯಾನರ್:

ನಿಂತಾಗ ಹೋಗುತ್ತದೆ. ಓಡುವಾಗ ಗಾಜಿನ ಬುಡದಲ್ಲಿ ಗಾಳಿ ಒತ್ತಿ ಬರುತ್ತದೆ, ಅಲ್ಲಿಂದ ಒಳಗೇ ನುಗ್ಗುತ್ತದೆ. ನೋಡಲೂ ಚೆನ್ನಾಗಿರಲ್ಲ, ಬಾನೆಟ್ ಸರಿಯಾಗಿ ಮುಚ್ಚಿಲ್ಲ ಅಂತ ದಾರಿಯಲ್ಲಿ ಎಲ್ಲರೂ ಕೂಗುತ್ತಾರೆ.

ಮೂಡಿಗೆರೆ ರೋಡ್‌ಸ್ಟರ್:

ಅಪ್‌ಡೇಟ್. ಚಿಕ್ಕಮಗಳೂರಿನಲ್ಲಿ ಹೈಲಂ ಸಿಕ್ಕಿತು, ಬ್ಲಾಕ್ ಮಾಡಿಸಿ ಹಾಕಿದೆ. ತಗಡಿಗೆ ಹೊಸ ಶೀಟ್ ರಿವೆಟ್ ಆಯಿತು. ಹೋಸ್ ಎಲ್ಲಾ ಬದಲಿಸಿದೆ. ಟೈಮಿಂಗ್ ನಿಜಕ್ಕೂ ಹಿಂದೆ ಇತ್ತು, ಸರಿ ಮಾಡಿಸಿದೆ. ಫ್ಯಾನ್ ಹಾಕಿಸಿಲ್ಲ, ಥರ್ಮೋಸ್ಟಾಟ್ ಒಳಗೇ ಇದೆ.

ನಿನ್ನೆ ಮಧ್ಯಾಹ್ನ ಘಾಟಿ ಹತ್ತಿ ಅಲ್ಲೇ ನಿಲ್ಲಿಸಿದೆ. ತಿಂದು ಬಂದು ಎಕ್ಸಲೇಟರ್ ಒತ್ತಿ ಹಿಡಿದು ಹೊಡೆದೆ. ಸ್ವಲ್ಪ ಕೆಮ್ಮಿತು, ಆಮೇಲೆ ಹಿಡಿಯಿತು. ಮೊದಲಿನ ಹಾಗೆ ಕಾಯಬೇಕಾಗಲಿಲ್ಲ.

ಒಂದು ಉಳಿದಿದೆ. ಉಜಿರೆಯಲ್ಲಿ ಐಡಲ್ ನಿಲ್ಲಲ್ಲ, ಏರಿಳಿಯುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಮೂಡಿಗೆರೆಗೆ ಬಂದರೆ ಸರಿಯಾಗಿರುತ್ತದೆ. ಮೇಡಂ ಹೇಳಿದ ಲೀನ್ ಇದೇ ಇರಬೇಕಲ್ವಾ?

ಹಾಸನದ ಹಳೇ ಸ್ಪ್ಯಾನರ್:

ಅದೇ ಇರಬೇಕು, ಆದರೂ ನೋಡಿಯೇ ಮುಟ್ಟಿ. ಮೊದಲು ಹೊಸ ಬ್ಲಾಕ್ ಸುತ್ತ ಗಾಳಿ ಎಳೆಯುತ್ತಿಲ್ಲ ಅನ್ನೋದನ್ನು ಖಚಿತ ಮಾಡಿಕೊಳ್ಳಿ, ಬಿಸಿ ಕಂಡ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಆಮೇಲೆ ಉಜಿರೆಯಲ್ಲೇ, ಎಂಜಿನ್ ಬಿಸಿ ಇದ್ದಾಗ, ಏರ್ ಕ್ಲೀನರ್ ತೆಗೆದು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕಾರ್ಬ್ಯುರೇಟರಿನ ಒಳಗೆ ಏರಿಳಿಯುವ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ. ಎಂಜಿನ್ ಸ್ಪೀಡ್ ಏರಿ ಹಾಗೇ ನಿಂತರೆ ರಿಚ್. ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಸತ್ತು ಹೋದರೆ ಲೀನ್. ಲೀನ್ ಇದ್ದರೆ ಕೆಳಗಿನ ಜೆಟ್ ನಟ್ಟನ್ನು ಒಂದು ಫ್ಲಾಟ್ (ನಟ್ಟಿನ ಆರು ಮುಖದಲ್ಲಿ ಒಂದು ಮುಖದಷ್ಟು) ತಿರುಗಿಸಿ ಜೆಟ್ ಕೆಳಗಿಳಿಸಿ. ಎರಡೂ ಕಾರ್ಬ್ಯುರೇಟರಿಗೆ ಒಂದೇ ಲೆಕ್ಕ. ಮೂಡಿಗೆರೆಗೆ ಬಂದ ಮೇಲೆ ಪ್ಲಗ್ ಕಪ್ಪಾಗುತ್ತಿದ್ದರೆ ಅರ್ಧ ಫ್ಲಾಟ್ ವಾಪಸ್. ಎರಡು ಊರಿಗೂ ಪೂರ್ತಿ ಸರಿ ಹೋಗುವ ಸೆಟ್ಟಿಂಗ್ ಸಿಗಲ್ಲ. ಜಾಸ್ತಿ ಓಡಿಸುವ ಕಡೆಗೆ ಸರಿ ಮಾಡಿಕೊಳ್ಳಿ. ಕಾರ್ಬ್ಯುರೇಟರ್ ಮೇಲಿನ ಡ್ಯಾಶ್‌ಪಾಟ್‌ನಲ್ಲಿ ಎಣ್ಣೆ ಇದೆಯಾ ಅಂತಲೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.